ವಲಯ ನಕ್ಷೆ ಒಬ್ಬರದು, ಪರವಾನಗಿ ಇನ್ನೊಬ್ಬರದು

ಮಾನ್ಯರೇ,

ಬೆಂಗಳೂರಿನ ಅಂಚಿನ ರೆವಿನ್ಯೂ ಬಡಾವಣೆಗಳ, ಅಂದರೆ ಕೃಷಿ ಜಮೀನಿನಲ್ಲಿ ವಿನ್ಯಾಸದ ಮಂಜೂರಾತಿಯಿಲ್ಲದೆ ಎದ್ದ ಬಡಾವಣೆಗಳ ಮಾತು ಬಂದಾಗಲೆಲ್ಲ ತಪ್ಪನ್ನು ಗ್ರಾಮ ಪಂಚಾಯಿತಿಗಳ ತಲೆಗೆ ಕಟ್ಟಿ, ಕಟ್ಟಡ ಪರವಾನಗಿ ಕೊಡುವ ಅಧಿಕಾರವನ್ನೇ ಅವುಗಳಿಂದ ಹಿಂಪಡೆಯಬೇಕೆಂಬ ಸಲಹೆ ಕೇಳಿಬರುತ್ತದೆ. ಅಂಥದೊಂದು ಪಂಚಾಯಿತಿಯಲ್ಲಿ ಹನ್ನೊಂದು ವರ್ಷಗಳಿಂದ ವಾಸವಾಗಿರುವ ನಾನು ಈ ಸಲಹೆಯನ್ನು ಒಪ್ಪಲಾರೆ.

1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಪ್ರಕಾರ ಪಂಚಾಯಿತಿಯ ಅನುಮತಿಯಿಲ್ಲದೆ ಅದರ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ. ಆದರೆ ಅದೇ ಜಮೀನು ಯೋಜನಾ ಪ್ರಾಧಿಕಾರವೊಂದರ ಸರಹದ್ದಿಗೆ ಸೇರಿದ್ದರೆ, ಅಲ್ಲಿ ಮನೆ ಬರಬೇಕೋ, ಕಾರ್ಖಾನೆ ಬರಬೇಕೋ, ರಾಗಿಯನ್ನೇ ಬೆಳೆಯಬೇಕೋ ಎಂಬುದನ್ನು ನಿರ್ಧರಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಸಿದ್ಧವಾದ ಮಹಾಯೋಜನೆ (ಮಾಸ್ಟರ್ ಪ್ಲಾನ್); ಬಡಾವಣೆಯ ವಿನ್ಯಾಸಕ್ಕೂ ಪ್ರಾಧಿಕಾರದ ಮಂಜೂರಾತಿಯೇ ಬೇಕು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಯ ವಿಷಯ ಮಾತ್ರ ಜಿಲ್ಲಾಧಿಕಾರಿಗಳ ಕಚೇರಿಯದು. ಹೀಗೆ ಒಂದು ಮೂವತ್ತು-ನಲವತ್ತರ ಸೈಟಿಗೆ ಮೂವರು ಯಜಮಾನರು.

ಸಂವಿಧಾನದ 12ನೇ ಅನುಸೂಚಿಯು ನಗರಾಡಳಿತಗಳಿಗೆಂದು ಗುರುತಿಸಿರುವ 18 ವಿಷಯಗಳಲ್ಲಿ ಮೊದಲನೆಯದು ನಗರ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಪಂಚಾಯಿತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ ಗ್ರಾಮೀಣ ವಸತಿ ಉಂಟು, ಭೂಬಳಕೆಯ ನಿಯಂತ್ರಣ ಇಲ್ಲ. ಹಳ್ಳಿಯೆಂದರೆ ಗ್ರಾಮಠಾಣಾ (ಊರಿನ ಹಳೆಯ ವಾಸದ ನೆಲೆ), ಹೆಂಚಿನ ಮನೆ, ಹಿತ್ತಿಲು ಎಂದು ಭಾವಿಸಿ ಮಾಡಿದ ಪಟ್ಟಿ ಅದಿರಬೇಕು. ನಮ್ಮ ಹಳ್ಳಿಯಲ್ಲೀಗ ಐದಂತಸ್ತಿನ ಪೀಜಿಗಳಿವೆ. ಹಾಗೆಂದು ಪಟ್ಟಿಯಲ್ಲಿ ಹೆಸರಿದ್ದ ನಗರಸಭೆಗಳಾದರೂ ಯೋಜನೆಯ ಅಧಿಕಾರವನ್ನು ಕಂಡವೇ? ಬೆಂಗಳೂರಿನಲ್ಲಿ ಮಹಾಯೋಜನೆ ಬಹುಕಾಲ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲೇ ಇತ್ತು, ಮತ್ತು 2015ನೇ ಇಸವಿಯನ್ನು ಗುರಿಯಾಗಿಟ್ಟು ಮಾಡಿದ ಯೋಜನೆಯೇ ಆ ಇಸವಿ ಕಳೆದು ಎಷ್ಟೋ ವರ್ಷಗಳವರೆಗೆ ನಡೆದುಬಂತು.

ಇದರ ಫಲವನ್ನು ನಮ್ಮ ಬೀದಿಯಲ್ಲೇ ನೋಡಬಹುದು. ಸೈಟು ಮಾರುವಾಗ ತೋರಿಸಿದ ನಕ್ಷೆಯಲ್ಲಿ ಮೂವತ್ತು ಅಡಿಯಿದ್ದ ರಸ್ತೆ ಪಕ್ಕದ ಬಡಾವಣೆಯ ಕಾಂಪೌಂಡಿಗೆ ಬಡಿದು ನಿಲ್ಲುತ್ತದೆ. ನೀರಿನ ಟ್ಯಾಂಕರ್ ತಿರುಗಲು ಜಾಗವಿಲ್ಲದೆ ಬಂದ ದಾರಿಯನ್ನೆಲ್ಲ ರಿವರ್ಸಿನಲ್ಲೇ ವಾಪಸು ಹೋಗಬೇಕು. ನೆಲಮಹಡಿ ಮತ್ತು ಒಂದನೇ ಮಹಡಿಗೆಂದು ಪರವಾನಗಿ ಪಡೆದ ಪಕ್ಕದ ಮನೆ ನಾಲ್ಕನೇ ಮಹಡಿಗೆ ಏರಿದಾಗ ನಾನು ಪಂಚಾಯಿತಿಗೆ ದೂರು ಕೊಟ್ಟೆ. ಕಟ್ಟಡದ ಸುತ್ತ ಬಿಡಬೇಕಾದ ಜಾಗದ, ಅಂದರೆ ಸೆಟ್‌ಬ್ಯಾಕ್‌ನ ನಿಯಮ ಪ್ರಾಧಿಕಾರದ್ದು, ಅಲ್ಲಿಗೇ ಹೋಗಿ ಎಂದರು. ಪ್ರಾಧಿಕಾರದಲ್ಲಿ, ಲೈಸೆನ್ಸ್ ಕೊಟ್ಟವರೇ ನಿಲ್ಲಿಸಬೇಕು ಎಂಬ ಉತ್ತರ ಸಿಕ್ಕಿತು. ನಾನು ಎರಡು ಕಚೇರಿಗಳ ನಡುವೆ ಅಲೆಯುತ್ತಿದ್ದಷ್ಟು ದಿನದಲ್ಲಿ ಅಲ್ಲಿ ಆರ್‌ಸಿಸಿ ಕ್ಯೂರಿಂಗ್ ಮುಗಿದಿತ್ತು.

ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಎಂದು ಕೊಡುವ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪಿನ ಉದ್ದೇಶ ಸರಿಯಾದದ್ದೇ. ಆದರೆ ಆ ಪತ್ರ ಯಾರು ಕೊಡಬೇಕೆಂಬುದೇ ತೀರ್ಮಾನವಾಗದ ಕಡೆ ಅದರ ಬಿಸಿ ತಟ್ಟುವುದು ಸಾಲ ಮಾಡಿ ಮನೆ ಕಟ್ಟಿಸಿದವನಿಗೆ, ಬಡಾವಣೆ ಮಾಡಿ ಮಾರಿ ಹೋದವನಿಗಲ್ಲ.

ಪರವಾನಗಿಯ ಅಧಿಕಾರ ಪಂಚಾಯಿತಿಯಲ್ಲೇ ಇರಲಿ. ಅದರ ಅಧ್ಯಕ್ಷರನ್ನು ನಾವು ಗ್ರಾಮಸಭೆಯಲ್ಲಿ ನಿಲ್ಲಿಸಿ ಕೇಳಬಹುದು. ಸರ್ಕಾರ ನೇಮಿಸುವ ಪ್ರಾಧಿಕಾರದ ಅಧ್ಯಕ್ಷರನ್ನು ಹಾಗೆ ಕೇಳಲಾಗದು. ಆದರೆ ಭೂಬಳಕೆ ಮತ್ತು ರಸ್ತೆಯ ಅಗಲದ ಬಗ್ಗೆ ಪ್ರಾಧಿಕಾರದ ಲಿಖಿತ ವರದಿಯಿಲ್ಲದೆ ಪರವಾನಗಿ ಹೊರಡಬಾರದು, ಆ ವರದಿ ಕೊಡಲು ಪ್ರಾಧಿಕಾರಕ್ಕೂ ದಿನಗಳ ಗಡುವು ಇರಬೇಕು, ಉಲ್ಲಂಘನೆಯಾದಾಗ ಕೆಲಸ ನಿಲ್ಲಿಸಬೇಕಾದವರು ಯಾರೆಂಬುದನ್ನು ನಿಯಮದಲ್ಲೇ ಒಂದು ಹುದ್ದೆಯ ಹೆಸರು ಹಿಡಿದು ಬರೆಯಬೇಕು. ಅದಕ್ಕೂ ಮೊದಲು, ಸರ್ವೆ ನಂಬರುಗಳಿರುವ ವಲಯ ನಕ್ಷೆಯ ಒಂದು ಪ್ರತಿಯನ್ನು ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಹಾಕಲಿ. ಯೆಲ್ಲೋ ಝೋನ್, ಅಂದರೆ ನಕ್ಷೆಯಲ್ಲಿ ಹಳದಿ ಬಣ್ಣದ ವಸತಿ ವಲಯ, ಎಲ್ಲಿ ಮುಗಿಯುತ್ತದೆಂದು ತಿಳಿಯಲು ನಾವು ಈಗಲೂ ಬ್ರೋಕರ್‌ಗಳನ್ನೇ ಕೇಳುತ್ತಿದ್ದೇವೆ.

– ಒಬ್ಬ ನಿವೇಶನದಾರ, ಬೆಂಗಳೂರು ಹೊರವಲಯ