ಗನ್ ಅಂಗಡಿಯ ಆ ಹಿರಿಯರಿಗೆ

ಬರ್ಮಿಂಗ್‌ಹ್ಯಾಮ್‌ನ ಗನ್ ಅಂಗಡಿಯೊಂದರ ರಿಪೇರಿ ಟೇಬಲ್‌ನಲ್ಲಿದ್ದ ಹಿರಿಯರೇ, ನಿಮಗೆ ಧನ್ಯವಾದ. ನನ್ನ ಸೆಕೆಂಡ್‌ಹ್ಯಾಂಡ್ ಗ್ಯಾಸ್ ಪಿಸ್ಟನ್ ಏರ್ ರೈಫಲ್ (ಸ್ಪ್ರಿಂಗ್ ಬದಲು ಒತ್ತಿಟ್ಟ ಗ್ಯಾಸಿನಿಂದ ಕೆಲಸ ಮಾಡುವಂಥದ್ದು) 8.44 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ಟಿಗೆ, ಅಂದರೆ ಪುಟ್ಟ ಗುಂಡಿಗೆ, ಸೆಕೆಂಡಿಗೆ 815 ಅಡಿ ವೇಗ ತೋರಿಸುತ್ತಿತ್ತು. ಅಂದರೆ ಸುಮಾರು 12.4 ಅಡಿ-ಪೌಂಡ್ ಶಕ್ತಿ. ಇಂಗ್ಲೆಂಡಿನಲ್ಲಿ 12 ದಾಟಿದರೆ ಫೈರ್‌ಆರ್ಮ್ ಸರ್ಟಿಫಿಕೇಟ್ (ಬಂದೂಕಿನ ಪರವಾನಗಿ) ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಪಿಸ್ಟನ್ನಿನ ಗ್ಯಾಸ್ ಒತ್ತಡ ಇಳಿಸಿ ಶಕ್ತಿ ಕಡಿಮೆ ಮಾಡಬೇಕಿತ್ತು.

ಬ್ಯಾರೆಲ್ ಖಾಲಿಯೇ, ಕಾಕ್ ಆಗಿಲ್ಲವೇ (ಹಾರಿಸಲು ಎಳೆದಿಟ್ಟಿಲ್ಲವೇ) ಎಂದು ನೀವು ಎರಡೆರಡು ಸಲ ನೋಡಿದಿರಿ. ನೀವು ರಕ್ಷಣಾ ಕನ್ನಡಕ ಹಾಕಿಕೊಳ್ಳುವ ಮೊದಲು ನನಗೊಂದು ಕೊಟ್ಟಿರಿ. ವಾಲ್ವ್ ಇರುವ ಪಿಸ್ಟನ್ನಿನಲ್ಲಿ ಮಾತ್ರ ಒತ್ತಡ ಇಳಿಸಬಹುದು. ಸೀಲ್ ಮಾಡಿದ್ದನ್ನು ಬಿಚ್ಚುವುದು, ಕೊರೆಯುವುದು ಜೀವಕ್ಕೇ ಅಪಾಯ ಎಂದು ತಿಳಿಹೇಳಿದಿರಿ. ವಾಲ್ವಿನ ಬಾಯಿ ಗೋಡೆಯತ್ತ ತಿರುಗಿಸಿ, ಗ್ಯಾಸ್ ಹೊರಬಿಡುವ ಬ್ಲೀಡ್ ಟೂಲಿನಿಂದ ವಾಲ್ವಿನ ಪಿನ್ನನ್ನು ಕ್ಷಣಮಾತ್ರ ಒತ್ತಿದಿರಿ. ಟುಸ್ ಎಂದಿತು, ಅಷ್ಟೇ. ಒಳಗಿನ ಜಾಗ ಚಿಕ್ಕದು, ಒಂದು ಚೂರು ಜಾಸ್ತಿ ಬಿಟ್ಟರೂ ಮತ್ತೆ ಪಂಪ್ ಹೊಡೆಯಬೇಕು. ಪ್ರತಿ ಸಲವೂ ಐದು ಪೆಲೆಟ್ ಹಾರಿಸಿ, ವೇಗ ಅಳೆಯುವ ಕ್ರೋನೋಗ್ರಾಫ್ ನೋಡಿದಿರಿ, ಅವಸರವೇ ಇಲ್ಲ.

ವೇಗ 785 ಅಡಿಗೆ, ಅಂದರೆ ಸುಮಾರು 11.5 ಅಡಿ-ಪೌಂಡ್‌ಗೆ ಇಳಿದಾಗ ನಿಲ್ಲಿಸಿ, ವಾಲ್ವಿಗೆ ಒಂದು ಹನಿ ಸೋಪು ನೀರು ಹಚ್ಚಿದಿರಿ. ಗುಳ್ಳೆ ಏಳಲಿಲ್ಲ. ಆಗಲೇ ನನಗೆ ಉಸಿರು ಬಂದಿದ್ದು! ಪೆಲೆಟ್ ಬದಲಿಸಿದರೆ ಮತ್ತೆ ಅಳೆಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿರಿ. ದುಡ್ಡು ತೆಗೆದುಕೊಂಡಿದ್ದು ಪೆಲೆಟ್ ಡಬ್ಬಿಗೆ ಮಾತ್ರ.