ಆಮೆಗೆಂದು ಕೊಟ್ಟ ಬಿಸಿ ಗೂಡು ಬಿಸಿಯಾಗುತ್ತಿಲ್ಲ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ದೊಡ್ಡ ಆಮೆಗಾಗಿ ನೀವು ಕೊಟ್ಟ ಬಿಸಿ ಗೂಡನ್ನು ಸರಿಪಡಿಸಿಕೊಡುವ ಅಥವಾ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಚಳಿಗಾಲಕ್ಕೆ ಮುಂಚೆ ನಿಮ್ಮಿಂದ ತರಿಸಿದ ಆಮೆ ಗೂಡಿನ ಬಗ್ಗೆ ಬರೆಯುತ್ತಿದ್ದೇನೆ. ಆ ಗೂಡಿನಲ್ಲಿ ಬಿಸಿಯಾಗುತ್ತಿರುವುದು ಬಲ್ಬ್ ಪಕ್ಕದ ಗಾಳಿ ಮಾತ್ರ. ಆಮೆ ಮಲಗುವ ಜಾಗ ತಣ್ಣಗೇ ಇದೆ. ಇದರಿಂದ ನಮ್ಮ ತಿಮ್ಮನಿಗೆ ಕಾಯಿಲೆಯಾಗಿದೆ.

ತಿಮ್ಮ ಸಲ್ಕಾಟಾ ಜಾತಿಯ ಆಮೆ, ತೂಕ ನಲವತ್ತು ಕಿಲೋಗೂ ಜಾಸ್ತಿ. ನಮ್ಮ ಕಡೆ ಕುರುಚಲು ಕಾಡಿನಲ್ಲಿ ಸಿಗುವ ನಕ್ಷತ್ರ ಆಮೆ ಅಲ್ಲ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ತಿಮ್ಮನನ್ನು ವಿದೇಶಿ ಪ್ರಾಣಿಯೆಂದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದೇವೆ, ಕಾಗದಪತ್ರ ಎಲ್ಲ ಸರಿಯಾಗಿದೆ. ಆರ್ಡರ್ ಕೊಡುವಾಗಲೇ ಜಾತಿ, ತೂಕ, ಉದ್ದ ಎಲ್ಲವನ್ನೂ ನಿಮಗೆ ಬರೆದು ಕಳಿಸಿದ್ದೆ. ನಮ್ಮ ಮನೆ ನಂದಿ ಬೆಟ್ಟದ ತಪ್ಪಲಲ್ಲಿದೆ, ಧನುರ್ಮಾಸದಲ್ಲಿ ಇಬ್ಬನಿ ಜೋರು, ಗೂಡು ಹೊರಗೆ ಅಂಗಳದಲ್ಲಿ ಇರುತ್ತದೆ ಎಂದೂ ಹೇಳಿದ್ದೆ. ಎಲ್ಲ ಓದಿಕೊಂಡೇ ನೀವು ಒಪ್ಪಿಕೊಂಡಿದ್ದು.

ಬೆಳಗಿನ ಜಾವ ತಿಮ್ಮನ ಮೂಗಿನಿಂದ ಗುಳ್ಳೆ ಬರುತ್ತಿದ್ದುದನ್ನು ನೋಡಿ ನನಗೆ ಅನುಮಾನ ಬಂತು. ಶಿಡ್ಲಘಟ್ಟದ ಕಡೆ ನಮ್ಮ ಭಾವ ರೇಷ್ಮೆ ಸಾಕುತ್ತಾರೆ. ಚಾಕಿ ಹುಳುವಿಗೆ, ಅಂದರೆ ಮರಿ ರೇಷ್ಮೆ ಹುಳುವಿಗೆ, 26ರಿಂದ 28 ಡಿಗ್ರಿ ಬಿಸಿ ಇರಲೇಬೇಕು, ಹಾಗಾಗಿ ಅವರಿಗೆ ಇದೆಲ್ಲ ದಿನನಿತ್ಯದ ಕೆಲಸ. ಅವರು ಬಂದು ಎರಡು ಥರ್ಮಾಮೀಟರ್ ಇಟ್ಟರು. ಒಂದು ನಿಮ್ಮ ಸೆನ್ಸರ್ ಪಕ್ಕ, ಇನ್ನೊಂದು ತಿಮ್ಮ ಮಲಗುವ ಮೂಲೆಯಲ್ಲಿ. ಸೆನ್ಸರ್ ಹತ್ತಿರ 30 ಡಿಗ್ರಿ, ಮೂಲೆಯಲ್ಲಿ 16. ಕಾರಣ ಕಣ್ಣಿಗೇ ಕಾಣುತ್ತದೆ. ಸೆನ್ಸರನ್ನು ಬಲ್ಬ್ ಹೋಲ್ಡರ್‌ಗೆ ಅಂಟಿಸಿದ ಹಾಗೆ ಕೂರಿಸಿದ್ದೀರಿ. ಬಲ್ಬ್ ಹತ್ತಿಕೊಂಡ ಸ್ವಲ್ಪ ಹೊತ್ತಿಗೇ ಅದು ಬಿಸಿಯಾಗುತ್ತದೆ, ಥರ್ಮೋಸ್ಟಾಟ್ ಕರೆಂಟ್ ನಿಲ್ಲಿಸಿಬಿಡುತ್ತದೆ. ಹುಳು ಇರುವ ತಟ್ಟೆಯ ಹತ್ತಿರ ಅಳೆಯಬೇಕೇ ಹೊರತು ಹೀಟರ್ ಹತ್ತಿರ ಅಲ್ಲ ಎಂದು ಭಾವ ಹೇಳಿದರು. ಆಮೆಗೂ ಅದೇ ಲೆಕ್ಕ.

ಆಮೇಲೆ ಹಿಂದಿನ ಗೋಡೆಯ ಸ್ಕ್ರೂ ಬಿಚ್ಚಿ ನೋಡಿದೆವು. ನಿಮ್ಮ ಕೊಟೇಶನ್‌ನಲ್ಲಿ ಎರಡು ಪ್ಲೈವುಡ್ ಹಲಗೆಗಳ ನಡುವೆ 50 ಮಿಲಿಮೀಟರ್ ಥರ್ಮೋಕೋಲ್ ಎಂದು ಬರೆದಿದೆ. ಒಳಗೆ ಏನೂ ಇಲ್ಲ, ಖಾಲಿ. ಬಾಗಿಲ ಹತ್ತಿರ ಮಾತ್ರ ಅಂಗೈ ಅಗಲದ ಒಂದು ತುಂಡು ತುರುಕಿದ್ದೀರಿ, ತೋರಿಸೋಕೆ ಇಟ್ಟ ಹಾಗೆ. ತಳದ ಹಲಗೆ ನೇರವಾಗಿ ನೆಲದ ಮೇಲೆ ಕೂತಿದೆ. ಅದು ಇಬ್ಬನಿ ನೀರು ಕುಡಿದು ಊದಿಕೊಂಡಿದೆ. ಒಣ ಚಳಿಯನ್ನಾದರೂ ಈ ಜಾತಿ ಸ್ವಲ್ಪ ತಡೆದುಕೊಳ್ಳುತ್ತದೆ, ಚಳಿಯ ಜೊತೆ ತೇವ ಸೇರಿದರೆ ತಡೆಯುವುದಿಲ್ಲ.

ಫೋನ್ ಮಾಡಿದಾಗ ನಿಮ್ಮವರು ಹೇಳಿದ್ದು: "ಆಮೆ ಅಲ್ವಾ ಸಾರ್, ಚಳಿಗೆ ಸುಮ್ನೆ ಮಲಗಿಬಿಡುತ್ತೆ." ಈ ಮಾತು ನನಗೆ ತುಂಬಾ ಬೇಸರ ತಂದಿತು. ಚಳಿಗಾಲ ಪೂರ್ತಿ ಮಲಗುವುದು ಮೆಡಿಟರೇನಿಯನ್ ಕಡೆಯ ಕೆಲವು ಆಮೆಗಳು. ಸಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಸೀಮೆಯದು. ಅಲ್ಲಿ ಅದು ತಾನೇ ಆಳವಾದ ಬಿಲ ತೋಡುತ್ತದೆ. ಹಗಲಿನ ಉರಿಯೂ ರಾತ್ರಿಯ ಚಳಿಯೂ ಬಿಲದ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೆ ದೀರ್ಘ ನಿದ್ದೆ ಗೊತ್ತಿಲ್ಲ. ನಮ್ಮಲ್ಲೂ ಹಗಲು ಬಿಸಿಲಿಗೆ ಬಂದು ಗರಿಕೆ, ಹಿಪ್ಪುನೇರಳೆ ಸೊಪ್ಪು ಹೊಟ್ಟೆ ತುಂಬ ತಿನ್ನುತ್ತಾನೆ. ತಿಂದದ್ದು ಅರಗಬೇಕಾದರೆ ರಾತ್ರಿಯೂ ಮೈ ಬೆಚ್ಚಗಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಇನ್ನು ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕಲು ಆಮೆಗೆ ಆಗುವುದಿಲ್ಲ, ಅದಕ್ಕೆ ನಮ್ಮ ಹಾಗೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ (ವಪೆ) ಇಲ್ಲ. ಬೆಂಗಳೂರಿನ ಪಶುವೈದ್ಯರು ಮುಂಗಾಲಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಚುಚ್ಚುವಾಗ ತಲೆ ಒಳಗೆಳೆದುಕೊಂಡು ಬುಸ್ ಎನ್ನುತ್ತಾನೆ. ನೋಡಲಾಗುವುದಿಲ್ಲ.

ಈಗ ನನ್ನ ಬೇಡಿಕೆ. ದೊಡ್ಡ ಬಲ್ಬ್ ಹಾಕಿಕೊಡುತ್ತೇವೆ ಎಂದು ಮಾತ್ರ ಹೇಳಬೇಡಿ. ಇಷ್ಟು ದೊಡ್ಡ ಆಮೆಗೆ ಒಂದು ಬಲ್ಬ್ ಅಪಾಯ. ಚಿಪ್ಪಿನ ತುದಿ ಬಲ್ಬ್‌ಗೆ ಹತ್ತಿರ ಬಂದು ಅಲ್ಲಿ ಮಾತ್ರ ಕಾಯುತ್ತದೆ, ಹೊಟ್ಟೆ ತಣ್ಣಗೇ ಇರುತ್ತದೆ. ಮೈ ಬೆಚ್ಚಗಾಗಲಿಲ್ಲ ಎಂದು ಅದು ಅಲ್ಲೇ ಕೂರುತ್ತದೆ, ಚಿಪ್ಪು ಸುಟ್ಟುಹೋಗುತ್ತದೆ. ಬೆನ್ನಿನ ಅಗಲಕ್ಕೂ ಸಮನಾಗಿ ಬಿಸಿ ಬೀಳುವ ರೇಡಿಯಂಟ್ ಹೀಟ್ ಪ್ಯಾನೆಲ್ ಹಾಕಿ. ಗಾಳಿ ಬೆಚ್ಚಗಿಡಲು, ಆಮೆ ಗುದ್ದಲಾಗದ ಹಾಗೆ ಅಡ್ಡ ಕಟ್ಟಿ, ಒಂದು ಆಯಿಲ್ ಹೀಟರ್ ಕೊಡಿ. ಸೆನ್ಸರ್ ಆಮೆಯ ಬೆನ್ನಿನ ಎತ್ತರಕ್ಕೆ, ದೂರದ ಮೂಲೆಯಲ್ಲಿ ಬರಬೇಕು. ಗೋಡೆ, ಚಾವಣಿ, ತಳ ಮೂರಕ್ಕೂ ಥರ್ಮೋಕೋಲ್ ತುಂಬಿ, ಒಳಗಿಂದ ಪೂರ್ತಿ ಮುಚ್ಚಿ. ಥರ್ಮೋಕೋಲ್ ಕಂಡರೆ ತಿಮ್ಮ ಅದನ್ನೂ ಕಚ್ಚಿ ತಿನ್ನುತ್ತಾನೆ. ತಳವನ್ನು ನೆಲದಿಂದ ಎತ್ತರಿಸಿ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಬೇಕು. ವೈರ್‌ಗಳು ಪೈಪಿನ ಒಳಗೆ ಹೋಗಲಿ.

ಇದು ನಿಮ್ಮಿಂದ ಆಗದಿದ್ದರೆ ಗೂಡು ತೆಗೆದುಕೊಂಡು ಹೋಗಿ ಪೂರ್ತಿ ಹಣ ವಾಪಸ್ ಕೊಡಿ. ಎರಡರಲ್ಲಿ ಯಾವುದಾದರೂ ಸರಿ, ಚಿಕಿತ್ಸೆಯ ಖರ್ಚನ್ನಂತೂ ನೀವೇ ಭರಿಸಬೇಕು. ಇದೇ ಗೂಡನ್ನು ಮಡಿಕೇರಿ, ಚಿಕ್ಕಮಗಳೂರಿಗೂ ಕಳಿಸುತ್ತೇವೆ ಎಂದು ನಿಮ್ಮ ಜಾಹೀರಾತಿನಲ್ಲಿದೆ. ಅಲ್ಲಿನ ಚಳಿ ಇನ್ನೂ ಜಾಸ್ತಿ. ದಯವಿಟ್ಟು ಅವರಿಗೆಲ್ಲ ಇವತ್ತೇ ಫೋನ್ ಮಾಡಿ, ನೆಲದ ಹತ್ತಿರ ಬಿಸಿ ಅಳೆದು ನೋಡಲು ಹೇಳಿ.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಲು ಅವಕಾಶವಿದೆ, ಅದನ್ನೂ ಮಾಡುತ್ತೇನೆ.

ಸದ್ಯಕ್ಕೆ ತಿಮ್ಮನನ್ನು ಮನೆಯೊಳಗಿನ ಸಾಮಾನು ಕೋಣೆಯಲ್ಲಿ ಮಲಗಿಸುತ್ತಿದ್ದೇವೆ. ಮೆಕ್ಯಾನಿಕ್ಕನ್ನು ಕಳಿಸುವುದಾದರೆ ಹಗಲು ಬಂದು ನೋಡಿಕೊಂಡು ಹೋಗುವುದು ಬೇಡ. ಸಂಜೆ ಕಳಿಸಿ. ಊಟ, ಹಾಸಿಗೆ ನಮ್ಮದು. ಬೆಳಗಿನ ಜಾವ ಗೂಡಿನ ಮೂಲೆಯಲ್ಲಿ ಎಷ್ಟು ಡಿಗ್ರಿ ಇದೆ ಎಂದು ಅವರೇ ಬರೆದು ಸಹಿ ಹಾಕಿ ಹೋಗಲಿ.

ಬಿಲ್, ಕೊಟೇಶನ್, ಗೋಡೆ ಬಿಚ್ಚಿದ ಫೋಟೊಗಳು ಮತ್ತು ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಚಿಕ್ಕಬಳ್ಳಾಪುರ ತಾಲ್ಲೂಕು