'ಕುಡೀತಿದ್ರಾ?' ಎಂದು ಕೇಳುವ ಮೊದಲು

ಸಂಪಾದಕರೇ,

ಅಪ್ಪನಿಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ), ಅದೂ ತುಂಬಾ ಮುಂದುವರಿದಿದೆ ಎಂದು ಗೊತ್ತಾಗಿ ಮೂರು ತಿಂಗಳಾಯಿತು. ನೋಡಲು ಬಂದವರೆಲ್ಲ ಕೇಳುವುದು ಒಂದೇ, 'ಕುಡೀತಿದ್ರಾ?' ಅಪ್ಪ ಒಂದು ತೊಟ್ಟೂ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಫ್ಯಾಟಿ ಲಿವರ್, ಹೆಪಟೈಟಿಸ್ ಬಿ, ಸಿ ಇವುಗಳಿಂದಲೂ ಹೀಗಾಗುತ್ತದೆ. ಕುಡಿದೇ ಬಂದಿದ್ದರೂ, ಮಲಗಿರುವವರನ್ನು ಅದನ್ನು ಕೇಳಿ ಸಿಗುವುದೇನು?

ನಮಗೆ ಯಾರೂ ಮೊದಲೇ ಹೇಳದಿದ್ದದ್ದು ಈ ಕಾಯಿಲೆಯಲ್ಲಿ ಬರುವ ಮಂಕುತನದ ಬಗ್ಗೆ. ರಾತ್ರಿಯೆಲ್ಲ ಓಡಾಟ, ಹಗಲೆಲ್ಲ ನಿದ್ದೆ. ಒಂದು ದಿನ ಅಂಗಿಯ ಗುಂಡಿಯನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದರು, ಸಹಿ ಮಾಡಲು ಕೊಟ್ಟರೆ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿದ್ದವು. ವಯಸ್ಸಿನ ಮರೆವು ಅಂದುಕೊಂಡೆವು, ನಾನಂತೂ ರೇಗಿಯೂಬಿಟ್ಟೆ. ಆಮೇಲೆ ತಿಳಿಯಿತು, ಲಿವರ್ ಸೋಸದೆ ಬಿಟ್ಟ ಅಮೋನಿಯದಂಥ ವಿಷ ಮಿದುಳಿಗೆ ಹೋದರೆ ಹೀಗಾಗುತ್ತದೆ, ಮಲಬದ್ಧತೆ ಇದ್ದರೆ ಇನ್ನೂ ಜಾಸ್ತಿ. ಲ್ಯಾಕ್ಟುಲೋಸ್ ಸಿರಪ್ ಕೊಡುವುದೇ ಅದಕ್ಕೆ, ದಿನಕ್ಕೆ 2-3 ಸಲ ಮೆತ್ತಗೆ ಹೊಟ್ಟೆ ಹೋಗಬೇಕು. ಭೇದಿ ಅಂತ ಹೆದರಿ ನಾವು ಅದನ್ನೇ ನಿಲ್ಲಿಸಿದ್ದೆವು!

ಉಪ್ಪು ಕಡಿಮೆ, ನೋವಿಗೆ ಐಬುಪ್ರೊಫೆನ್ ಥರದ ಮಾತ್ರೆ ಬೇಡ, ಸುಮ್ನೆ ಪ್ರೋಟೀನ್ ಬಿಡಿಸಬೇಡಿ, ರಕ್ತ ವಾಂತಿಯಾದರೆ ಅಥವಾ ಮಲ ಟಾರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆ. ಇಷ್ಟನ್ನು ಡಿಸ್ಚಾರ್ಜ್ ದಿನ ಮನೆಯವರನ್ನು ಕೂರಿಸಿಕೊಂಡು, ಅರ್ಥವಾಗುವ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಲು ಹತ್ತು ನಿಮಿಷ ಸಾಕು ಅಲ್ವಾ? ನಮಗೆ ಸಿಕ್ಕಿದ್ದು ಮಾತ್ರೆಗಳ ಚೀಟಿಯೊಂದೇ.

– ಒಬ್ಬ ಮಗಳು